ಪಾಮರ್‌ಗೆ ಒಂದೇ ಸಾಲು ಸಾಕೇ?

1896ರ ಅಮೆರಿಕ ಅಧ್ಯಕ್ಷ ಚುನಾವಣೆಯ ಬಗ್ಗೆ ನಿಮ್ಮ ಲೇಖನ ಚೆನ್ನಾಗಿದೆ. ಸೋತ ಡೆಮಾಕ್ರಟ್ ಬ್ರಯಾನ್, ಗೆದ್ದ ರಿಪಬ್ಲಿಕನ್ ಮೆಕಿನ್ಲಿ ಇಬ್ಬರ ಕಥೆಯೂ ಬಂತು. ಆದರೆ ಜಾನ್ ಪಾಮರ್‌ಗೆ 'ಸೋತ ಮೂರನೆಯವ' ಅಂತ ಒಂದೇ ಸಾಲು! ನನಗೆ ಅವನ ಕಥೆಯೇ ಜಾಸ್ತಿ ಸ್ವಾರಸ್ಯ.

ಡೆಮಾಕ್ರಟಿಕ್ ಪಕ್ಷ ಬೆಳ್ಳಿ ನಾಣ್ಯದ ಪರ ನಿಂತ ಬ್ರಯಾನ್‌ನನ್ನು ಆರಿಸಿತು. ಚಿನ್ನವೇ ಹಣದ ಆಧಾರ ಎನ್ನುತ್ತಿದ್ದವರು ಸಿಟ್ಟಾಗಿ ಹೊರಬಂದು, ಇಂಡಿಯಾನಾಪೊಲಿಸ್‌ನಲ್ಲಿ ಸಭೆ ಸೇರಿ ಪಾಮರ್‌ನನ್ನು ನಿಲ್ಲಿಸಿದರು. ಮತದಾನದ ಹೊತ್ತಿಗೆ ಅವನಿಗೆ 79 ವರ್ಷ! ಉಪಾಧ್ಯಕ್ಷ ಸ್ಥಾನಕ್ಕೆ ನಿಂತ ಬಕ್ನರ್‌ಗೆ 73. ಪಾಮರ್ ಅಂತರ್ಯುದ್ಧದಲ್ಲಿ ಉತ್ತರದ ಜನರಲ್, ಬಕ್ನರ್ ದಕ್ಷಿಣದ ಜನರಲ್. 1862ರಲ್ಲಿ ಫೋರ್ಟ್ ಡೊನೆಲ್ಸನ್ ಕೋಟೆಯಲ್ಲಿ ಉತ್ತರದ ಜನರಲ್ ಗ್ರಾಂಟ್‌ಗೆ ಶರಣಾದವನು ಇದೇ ಬಕ್ನರ್. ಇಂಥ ಜೋಡಿ ಇನ್ನೆಲ್ಲಿ ಸಿಗುತ್ತೆ ಹೇಳಿ!

ಗೆಲ್ಲುವ ಆಸೆ ಅವರಿಗೂ ಇರಲಿಲ್ಲ ಬಿಡಿ. ನೀವು ಮೆಕಿನ್ಲಿಗೆ ಮತ ಹಾಕಿದರೂ ದೊಡ್ಡ ತಪ್ಪೇನಲ್ಲ ಅಂತ ಪಾಮರ್ ತನ್ನ ಬೆಂಬಲಿಗರಿಗೇ ಹೇಳಿದ್ದ. ಅಭ್ಯರ್ಥಿಯೇ ಹೀಗಂದರೆ ಹೇಗೆ! ಸಿಕ್ಕಿದ್ದು ಸುಮಾರು ಶೇ. 1ರಷ್ಟು ಮತ.

ಹಾಗಂತ ಸುಮ್ನೆ ತಳ್ಳಿಹಾಕುವಂತಿಲ್ಲ. ಬಕ್ನರ್ ಹಿಂದೆ ಗವರ್ನರ್ ಆಗಿದ್ದ ಕೆಂಟಕಿ ರಾಜ್ಯವನ್ನು ನೋಡಿ. ಅಲ್ಲಿ ಮೆಕಿನ್ಲಿ ಗೆದ್ದಿದ್ದು 300ಕ್ಕೂ ಕಡಿಮೆ ಮತಗಳ ಅಂತರದಲ್ಲಿ. ಪಾಮರ್ ಪಡೆದದ್ದು 5,000ಕ್ಕೂ ಜಾಸ್ತಿ. ಅವರಲ್ಲಿ ಕೆಲವರಾದರೂ ಹಳೇ ಪಕ್ಷದ ಜೊತೆ ಉಳಿದಿದ್ದರೆ ಕೆಂಟಕಿ ಬ್ರಯಾನ್‌ನದಾಗುತ್ತಿತ್ತು, ಅಲ್ವಾ? ಅಧ್ಯಕ್ಷ ಮಾತ್ರ ಆಗಲೂ ಮೆಕಿನ್ಲಿಯೇ.