ಒಲಿಂಪಿಯಾದಲ್ಲಿ ಭಾವನ ಚಪ್ಪಲಿ

ಗ್ರೀಸಿನ ಪುರಾತತ್ವ ವಸ್ತುಸಂಗ್ರಹಾಲಯಗಳಲ್ಲಿ ಫ್ಲ್ಯಾಶ್ ಹಾಕದೆ ಫೋಟೊ ತೆಗೆಯಲು ಸಾಮಾನ್ಯವಾಗಿ ಅಡ್ಡಿಯಿಲ್ಲ. ಆದರೆ ವಿಗ್ರಹದ ಪಕ್ಕದಲ್ಲಿ ನಿಂತು ಅದರಂತೆಯೇ ಕೈ ಎತ್ತಿ, ಸೊಂಟ ಬಳುಕಿಸಿ ಪೋಸು ಕೊಟ್ಟರೆ ಕಾವಲಿನವರು ಸುಮ್ಮನಿರುವುದಿಲ್ಲ. ಇದನ್ನು ಅಕ್ಕ ಹೊರಡುವ ಮೊದಲೇ ಎಲ್ಲರಿಗೂ ಓದಿ ಹೇಳಿದ್ದಳು. ಭಾವನವರೂ ತಲೆಯಾಡಿಸಿದ್ದರು. ಅವರು ತಲೆಯಾಡಿಸಿದರೆ ಮಾತು ಕಿವಿಗೆ ಬಿದ್ದಿದೆ ಎಂದರ್ಥವೇ ಹೊರತು ಒಪ್ಪಿಗೆಯಾಗಿದೆ ಎಂದಲ್ಲ ಎಂಬುದು ಮದುವೆಯಾದಂದಿನಿಂದ ನಮ್ಮ ಮನೆಯವರಿಗೆಲ್ಲ ಗೊತ್ತಿರುವ ಸಂಗತಿ.

ಪ್ರಾಚೀನ ಒಲಿಂಪಿಕ್ ಕ್ರೀಡೆಗಳು ನಡೆಯುತ್ತಿದ್ದ ಒಲಿಂಪಿಯಾದಲ್ಲಿ, ಗ್ರೀಕರ ದೇವರಾಜ ಜೀಯಸ್‌ನ ದೇವಾಲಯವನ್ನು 6ನೆಯ ಶತಮಾನದ ಭೂಕಂಪಗಳು ಕೆಡವಿದುವು. ಕಂಬಗಳ ದುಂಡು ತುಂಡುಗಳು ಇಂದಿಗೂ ಬಿದ್ದಲ್ಲೇ ಬಿದ್ದಿವೆ. ಬಿಸಿಲಿಗೆ ಬಳಲಿದವರಿಗೆ ಇವು ಕೂರಲೆಂದೇ ಇಟ್ಟಂತೆ ಕಾಣುವುದರಿಂದ ಅಮ್ಮ ಒಂದರ ಮೇಲೆ ಸೆರಗು ಕೊಡವಿ ಕೂತರು. ಕೂತ ಕ್ಷಣವೇ ಎಲ್ಲಿಂದಲೋ ಸೀಟಿ ಕೇಳಿತು. ಮುಂದೆ ಕ್ರೀಡಾಂಗಣದ ದಾರಿಯಲ್ಲಿ ಜೀಯಸ್‌ನ ಕಂಚಿನ ಪ್ರತಿಮೆಗಳು ನಿಂತಿದ್ದ ಪೀಠಗಳ ಸಾಲಿದೆ. ಪ್ರತಿಮೆಗಳು ಈಗಿಲ್ಲ. ಅವನ್ನು ಮಾಡಿಸಿದ್ದು ಮೋಸ ಮಾಡಿದ ಕ್ರೀಡಾಪಟುಗಳು ತೆತ್ತ ದಂಡದ ಹಣದಿಂದ. ಕ್ರಿ.ಪೂ. 388ರಲ್ಲಿ ಯೂಪೊಲಸ್ ಎಂಬ ಮುಷ್ಟಿಕಾಳಗದ ಜಟ್ಟಿ ಮೂವರು ಎದುರಾಳಿಗಳಿಗೆ ಲಂಚ ಕೊಟ್ಟು ಸಿಕ್ಕಿಬಿದ್ದದ್ದರಿಂದ ಈ ಪರಂಪರೆ ಆರಂಭವಾಯಿತಂತೆ. ಅಲ್ಲಿಯವರೆಗೆ ಕಲ್ಲುಕಲ್ಲಿಗೂ ಪ್ರಶ್ನೆ ಕೇಳುತ್ತಿದ್ದ ಭಾವ, ಸರ್ಕಾರಿ ಕಚೇರಿಯೊಂದರಿಂದ ನಿವೃತ್ತರಾದವರು, ಈ ಪೀಠಗಳ ಮುಂದೆ ಮಾತ್ರ ಏನನ್ನೂ ಕೇಳದೆ ಬಿರಬಿರನೆ ನಡೆದುಬಿಟ್ಟರು.

ಕ್ರೀಡಾಂಗಣದಲ್ಲಿ ಓಟ ಆರಂಭಿಸುವ ಕಡೆ ಕಲ್ಲಿನ ಪಟ್ಟಿಯಿದೆ. ಕಾಲ್ಬೆರಳು ಊರಲು ಅದರಲ್ಲಿ ಗೀರುಗಳನ್ನು ಕೊರೆದಿದ್ದಾರೆ. ಅಲ್ಲಿಂದ ಗುರಿಗೆ ಸುಮಾರು 192 ಮೀಟರ್. ಭಾವ ಪಂಚೆ ಉಟ್ಟಿರಲಿಲ್ಲವಾದರೂ ಪಂಚೆ ಎತ್ತಿಕಟ್ಟುವವರ ಗತ್ತಿನಲ್ಲಿ ಪ್ಯಾಂಟು ಮಡಚಿ ಓಡಿದರು, ಮತ್ತು ಹತ್ತು ಹೆಜ್ಜೆಯೊಳಗೆ ಅವರ ಎಡಗಾಲಿನ ಚಪ್ಪಲಿಯ ಉಂಗುಷ್ಠ ಕಿತ್ತುಬಂತು. ಅಕ್ಕ ಕರವಸ್ತ್ರದಿಂದ ಅದನ್ನು ಪಾದಕ್ಕೆ ಬಿಗಿದಳು. ಆಮೇಲೆ ಅವರು ನಡೆದಲ್ಲೆಲ್ಲ ಟಪ್, ಟಪ್ ಎಂಬ ಸದ್ದು ಹಿಂಬಾಲಿಸಿತು.

ಬಯಲಿನಲ್ಲಿ ಯಾರಿಗೂ ಕೇಳಿಸದ ಆ ಸದ್ದು ವಸ್ತುಸಂಗ್ರಹಾಲಯದ ನುಣುಪು ನೆಲದ ಮೇಲೆ ಡಂಗುರವಾಯಿತು. ಜೀಯಸ್ ದೇವಾಲಯದ ಶಿಲ್ಪಗಳಿರುವ ದೊಡ್ಡ ಸಭಾಂಗಣದಲ್ಲಿ ಅಪೊಲೊ ದೇವ ಕೈಚಾಚಿ ನಿಂತಿದ್ದಾನೆ. ಭಾವ ಆ ಕಡೆ ಟಪ್ ಎಂದರೆ ಸಾಕು, ಕುರ್ಚಿಯಲ್ಲಿದ್ದ ಕಾವಲಿನ ಹೆಂಗಸು ಕತ್ತೆತ್ತಿ ನೋಡುತ್ತಿದ್ದಳು. ಅಪೊಲೊವಿನಂತೆ ಕೈಚಾಚುವ ಮೊದಲೇ "ನೋ ಪೋಸಿಂಗ್, ಪ್ಲೀಸ್" ಬಂದಾಗಿತ್ತು.

ಹರ್ಮಿಸ್ ದೇವರ ವಿಗ್ರಹವಿರುವ ಕೋಣೆಯಲ್ಲಿ ವಿಷಯ ಇನ್ನಷ್ಟು ಬಿಗಡಾಯಿಸಿತು. ಗ್ರೀಕ್ ಶಿಲ್ಪಿ ಪ್ರಾಕ್ಸಿಟಲೀಸ್ ಕಡೆದದ್ದೆಂದು ಪ್ರಸಿದ್ಧವಾದ, 1877ರಲ್ಲಿ ಹೀರಾ ದೇವಾಲಯದಲ್ಲಿ ಸಿಕ್ಕ ಈ ಅಮೃತಶಿಲೆಯ ವಿಗ್ರಹದ ಎಡಗೈ ಮೇಲೆ ದ್ರಾಕ್ಷಾರಸದ ದೇವ ಡಯೊನೈಸಸ್ ಶಿಶುವಾಗಿ ಕುಳಿತಿದ್ದಾನೆ. ಮುರಿದುಹೋಗಿರುವ ಬಲಗೈಯಲ್ಲಿ ದ್ರಾಕ್ಷಿಗೊಂಚಲು ಇದ್ದಿರಬೇಕೆಂದು ಬಲ್ಲವರ ಊಹೆ. ಕಾಲುಗಳ ಕೆಳಭಾಗವನ್ನು ಈಚಿನವರು ಸೇರಿಸಿದ್ದು, ಹಳೆಯದಾಗಿ ಉಳಿದಿರುವುದು ಬಲಪಾದ ಮಾತ್ರ. ಆ ಪಾದದ ಚಪ್ಪಲಿಯ ಪಟ್ಟಿಗಳಲ್ಲಿ ಕೆಂಪು ಬಣ್ಣ ಮತ್ತು ಚಿನ್ನದ ಲೇಪದ ಕುರುಹುಗಳು ಕಂಡಿದ್ದುವೆಂದು ಅಕ್ಕ ಓದಿ ಹೇಳಿದಳು. ಒಂದೇ ಕಾಲಿನಲ್ಲಿ ಸರಿಯಾದ ಚಪ್ಪಲಿ ಉಳಿದಿರುವ ದೇವರನ್ನು ಕಂಡು ಭಾವನವರಿಗೆ ಉಂಟಾದ ಆತ್ಮೀಯತೆ ಅಷ್ಟಿಷ್ಟಲ್ಲ. ನೀರಿನ ಬಾಟಲಿಯನ್ನು ಮಗುವಿನಂತೆ ಎಡಗೈಗೆ ಏರಿಸಿ, ಬಲಪಾದ ಮುಂದಿಟ್ಟು, ದೇವರ ಪಕ್ಕಕ್ಕೆ ಸರಿದರು. ಪಾಪ, ಸರಿಯುವಾಗ ಎಡಗಾಲು ಟಪ್ ಎಂದಿತು. ಆ ಫೋಟೊದಲ್ಲಿ ಈಗ ಇರುವುದು ಹರ್ಮಿಸ್, ಭಾವನವರ ಅರ್ಧ ಮುಖ ಮತ್ತು ಕಾವಲಿನ ಹೆಂಗಸಿನ ಅಂಗೈ.

ಈ ಗಲಾಟೆ ಮುಗಿಯುವವರೆಗೆ ಅಮ್ಮ ಬೇರೊಂದು ಗಾಜಿನ ಪೆಟ್ಟಿಗೆಯ ಮುಂದೆ ನಿಂತಿದ್ದರು. ಜಗತ್ತಿನ ಏಳು ಅದ್ಭುತಗಳಲ್ಲಿ ಒಂದಾಗಿದ್ದ ಜೀಯಸ್ ವಿಗ್ರಹವನ್ನು ಶಿಲ್ಪಿ ಫಿಡಿಯಾಸ್ ನಿರ್ಮಿಸಿದ ಕಮ್ಮಟದಲ್ಲಿ ಸಿಕ್ಕ, ಕರಿ ಹೊಳಪಿನ ಪುಟ್ಟ ಮಣ್ಣಿನ ಪಾತ್ರೆ ಅದು. ಅದರ ಬುಡದಲ್ಲಿ "ನಾನು ಫಿಡಿಯಾಸ್‌ನದು" ಎಂದು ಗೀಚಿದೆ. ಮ್ಯಾರಥಾನ್ ಯುದ್ಧದ ಸೇನಾನಿ ಮಿಲ್ಟಿಯಾಡೀಸನ ಹೆಸರಿರುವ ಶಿರಸ್ತ್ರಾಣವನ್ನು ಕಣ್ಣೆತ್ತಿಯೂ ನೋಡದಿದ್ದ ಅಮ್ಮ ಇಲ್ಲಿ ಮಾತ್ರ ಕನ್ನಡಕ ಒರೆಸಿಕೊಂಡು ನೋಡಿದರು. ಮದುವೆ ಮನೆಗೆ ಕೊಟ್ಟ ಸ್ಟೀಲ್ ಪಾತ್ರೆ ಅದಲುಬದಲಾಗದಿರಲೆಂದು ಅಂಗಡಿಯಲ್ಲೇ ಚುಕ್ಕಿಚುಕ್ಕಿಯಾಗಿ ಹೆಸರು ಹಾಕಿಸುವ ಅವರಿಗೆ, ಇಡೀ ಒಲಿಂಪಿಯಾದಲ್ಲಿ ವಿವರಣೆ ಬೇಕಿಲ್ಲದ ವಸ್ತು ಇದೊಂದೇ ಆಗಿತ್ತು.

"ಹೆಸರು ಹಾಕಿದ್ದೂ ಇಲ್ಲೇ ಬಿಟ್ಟುಹೋಗಿದ್ದಾನಲ್ಲೇ, ಮರೆಗುಳಿ" ಎಂದರು ಅಕ್ಕನಿಗೆ.

ನಾವು ನಕ್ಕದ್ದು ಕೇಳಿ ಕಾವಲಿನ ಹೆಂಗಸು ಅಲ್ಲಿಗೂ ಬಂದಳು. ಅಕ್ಕ ಹೆದರುತ್ತಲೇ ಇಂಗ್ಲಿಷಿನಲ್ಲಿ ವಿಷಯ ತಿಳಿಸಿದಳು. ಆಕೆ ಮೊದಲ ಬಾರಿಗೆ ಮುಖ ಸಡಿಲಿಸಿ, ತನ್ನ ಅತ್ತೆಯೂ ನೆಂಟರ ಮನೆಗೆ ಕಳುಹಿಸುವ ತಟ್ಟೆಗಳ ಅಡಿಗೆ ಉಗುರುಬಣ್ಣದಿಂದ ಗುರುತು ಹಾಕುತ್ತಾಳೆಂದು ಹೇಳಿದಳು. ಅಕ್ಕ ಅದನ್ನು ಕನ್ನಡದಲ್ಲಿ ಹೇಳಿದಾಗ ಅಮ್ಮ ತಲೆ ಅಡ್ಡಡ್ಡ ಆಡಿಸಿದರು.

"ಉಗುರುಬಣ್ಣ ತೊಳೆತೊಳೆದು ಹೋಗಿಬಿಡುತ್ತದೆ, ಕೊರೆಸಿಬಿಡಲು ಹೇಳು."