ಹಗ್ಗವೊಂದು ಬಿಟ್ಟು ಎಲ್ಲ ಸಿದ್ಧ

ಆಗಸ್ಟ್ 15 ಮಲೆನಾಡಿಗೆ ಬರುವುದು ಆಶ್ಲೇಷ ಮಳೆಯಲ್ಲಿ. ಇದು ಪಂಚಾಂಗ ತಿರುವುವ ಮನೆಗಳಿಗೆಲ್ಲ ಗೊತ್ತು. ಗೊತ್ತಿಲ್ಲದಿರುವುದು ಕಾಲೇಜಿನ ಸ್ವಾತಂತ್ರ್ಯೋತ್ಸವ ಆಚರಣಾ ಸಮಿತಿಗೆ ಮಾತ್ರ. ಜುಲೈ ಕೊನೆಯ ವಾರ ಸೇರುವ ಪೂರ್ವಭಾವಿ ಸಭೆಯಲ್ಲಿ ಶಾಲು ಎಷ್ಟು, ಹಾರ ಎಷ್ಟು, ನೆನಪಿನ ಕಾಣಿಕೆಯ ಮೇಲೆ ಜೋಗದ ಚಿತ್ರವೋ ಕುಪ್ಪಳಿಯ ಕವಿಮನೆಯೋ ಎಂದು ಒಂದೂವರೆ ಗಂಟೆ ಚರ್ಚೆ ನಡೆಯುತ್ತದೆ. ಬಾವುಟದ ಕಂಬದ ತುದಿಯ ರಾಟೆ ತಿರುಗುತ್ತದೆಯೇ ಎಂದು ಒಬ್ಬರೂ ಕೇಳುವುದಿಲ್ಲ. ಕೇಳಿದವರ ತಲೆಗೇ ಆ ಕೆಲಸ ಕಟ್ಟುತ್ತಾರೆ ಎನ್ನುವುದು ಎಲ್ಲರಿಗೂ ತಿಳಿದ ಸಂಗತಿ.

ಮೊದಲ ಕೆಲಸ ಆಮಂತ್ರಣ ಪತ್ರಿಕೆ. ಅದರಲ್ಲಿ ಘನ ಉಪಸ್ಥಿತಿ, ಗೌರವ ಉಪಸ್ಥಿತಿ, ವಿಶೇಷ ಉಪಸ್ಥಿತಿ ಎಂದು ಮೂರು ಬಗೆ. ವ್ಯತ್ಯಾಸ ಇಷ್ಟೇ: ಮೊದಲಿನವರು ಬರುವುದಿಲ್ಲ, ಎರಡನೆಯವರು ಬಂದು ಬೇಗ ಹೊರಡುತ್ತಾರೆ, ಮೂರನೆಯವರು ಪತ್ರಿಕೆಯಲ್ಲಿ ತಮ್ಮ ಹೆಸರು ಯಾರ ಕೆಳಗೆ ಬಂದಿದೆ ಎಂದು ನೋಡಿಕೊಂಡು ಆಮೇಲೆ ತೀರ್ಮಾನಿಸುತ್ತಾರೆ. ಮೂವತ್ತು ಹೆಸರು ಹಿಡಿಸಬೇಕಾದ್ದರಿಂದ ‘ಸರ್ವರಿಗೂ ಆದರದ ಸ್ವಾಗತ’ ಎಂಬ ಸಾಲು ಔಷಧದ ಚೀಟಿಯ ಅಕ್ಷರದಷ್ಟು ಸಣ್ಣದಾಗುತ್ತದೆ.

ಎರಡನೆಯದು ಫ್ಲೆಕ್ಸ್. ಇಲ್ಲಿ ಪ್ರತಿ ವರ್ಷದ ಜಗಳ ಒಂದೇ, ಎಷ್ಟನೆಯ ಸ್ವಾತಂತ್ರ್ಯೋತ್ಸವ? 1947ರ ಆ ದಿನವನ್ನೇ ಒಂದನೆಯದೆಂದು ಎಣಿಸಿದರೆ 2022ರದು 76ನೆಯದು, ತುಂಬಿದ ವರ್ಷ ಮಾತ್ರ 75. 2025ರದು 79ನೆಯದು, ತುಂಬಿದ್ದು 78. ಬೆರಳೆಣಿಸಿದರೆ ಮುಗಿಯುವ ಲೆಕ್ಕ. ಆದರೆ ಇತಿಹಾಸ ವಿಭಾಗ ಒಂದು ಸಂಖ್ಯೆ ಬರೆದುಕೊಟ್ಟು, ಗಣಿತ ವಿಭಾಗ ಅದನ್ನು ತಿದ್ದಿ, ಫ್ಲೆಕ್ಸ್ ಅಂಗಡಿಯವನು ಹಿಂದಿನ ವರ್ಷದ ಫೈಲನ್ನೇ ತೆರೆದು ಮುದ್ರಿಸುತ್ತಾನೆ. ತಪ್ಪು ಗೊತ್ತಾಗುವುದು 14ರ ರಾತ್ರಿ. ಆಗ 78ರ ಮೇಲೆ 79ರ ಚೀಟಿ ಅಂಟಿಸುತ್ತಾರೆ. ಬೆಳಗ್ಗೆ ಹತ್ತರ ಹೊತ್ತಿಗೆ ಮಳೆಗೆ ಚೀಟಿ ಅರ್ಧ ಎದ್ದು, ಎರಡೂ ವಿಭಾಗದವರು ತಾವೇ ಸರಿ ಎಂದು ಸಮಾಧಾನಪಡುತ್ತಾರೆ.

ಇನ್ನು ಬಾವುಟ. ಅಗಲ ಮೂರು ಪಾಲಾದರೆ ಎತ್ತರ ಎರಡು ಪಾಲು, ಚಕ್ರದಲ್ಲಿ 24 ಅರೆ. ಅಂಗಡಿಯಲ್ಲಿ ಕೊಳ್ಳುವಾಗ ಟೇಪು ಹಿಡಿದು ನೋಡುವವರು ಕಡಿಮೆ, ಹಾಗಾಗಿ ಚಕ್ರ ಮೊಟ್ಟೆಯಾಗಿರುವ ಬಾವುಟಗಳೂ ಹಾರುತ್ತಿರುತ್ತವೆ. ಹುಬ್ಬಳ್ಳಿಯ ಬೆಂಗೇರಿಯಲ್ಲಿ ನೂಲಿನ ಎಳೆ ಎಣಿಸಿ, ಅಳತೆ ಹಿಡಿದು ಖಾದಿ ಬಾವುಟ ಮಾಡುವವರಿದ್ದಾರೆ. ಅದನ್ನು ತರಿಸೋಣ ಎಂಬ ಸಲಹೆ ಪ್ರತಿ ಸಭೆಯಲ್ಲೂ ಬರುತ್ತದೆ, ನಡಾವಳಿಯಲ್ಲೂ ದಾಖಲಾಗುತ್ತದೆ. 2021ರ ಡಿಸೆಂಬರಿನಲ್ಲಿ ಧ್ವಜ ಸಂಹಿತೆಗೆ ತಿದ್ದುಪಡಿಯಾಗಿ ಪಾಲಿಯೆಸ್ಟರಿಗೂ ಅನುಮತಿ ಸಿಕ್ಕಿದೆ. ನಿಜ ಹೇಳಬೇಕೆಂದರೆ ನಮ್ಮ ಮಳೆಗೆ ಪಾಲಿಯೆಸ್ಟರೇ ವಾಸಿ. ಖಾದಿ ನೀರು ಕುಡಿದು ಒದ್ದೆ ಕಂಬಳಿಯಂತೆ ಕಂಬಕ್ಕೆ ಅಂಟಿಕೊಂಡರೆ ಅದನ್ನು ಬಿಡಿಸಲು ಸಮಿತಿ ಸಾಲದು.

ಬಾವುಟದಲ್ಲಿ ಮರದ ಪುಟ್ಟ ಕಡ್ಡಿ ಇರುವ ತುದಿ ಮೇಲೆ. ಕೇಸರಿ ಆ ಕಡೆಗಿರಬೇಕು. ಉದ್ದಕ್ಕೆ ಮಡಚಿ, ಸುರುಳಿ ಸುತ್ತಿ, ಜಾರುಗಂಟು ಹಾಕಬೇಕು, ಅದೂ ಒಂದೇ ಸುತ್ತು. ‘ಎಲ್ಲಿ ಮೊದಲೇ ಬಿಚ್ಚಿಕೊಂಡೀತೋ’ ಎಂದು ಹೆದರಿ ಎರಡನೆಯ ಸುತ್ತು ಹಾಕಿದರೆ ಅದು ಬ್ರಹ್ಮಗಂಟು. ಒಳಗೆ ಹೂವಿನ ಪಕಳೆ ಇಡಲು ಸಂಹಿತೆಯೇ ಒಪ್ಪಿದೆ. ಒಂದು ಹಿಡಿ ಸೇವಂತಿಗೆ ಪಕಳೆ, ಒಣಗಿದ್ದು, ಧಾರಾಳ ಸಾಕು. ಸಮಿತಿಗೆ ಹಿಡಿಯ ಲೆಕ್ಕ ಕಂಜೂಸಿಯಾಗಿ ಕಾಣುವುದರಿಂದ ಅರ್ಧ ಕೆಜಿ ಚೆಂಡುಹೂವು ತುರುಕುತ್ತಾರೆ. ಒದ್ದೆಯಾದ ಚೆಂಡುಹೂವು ಮಳೆಗರೆಯುವುದಿಲ್ಲ. ಹುಳಿ ಅವಲಕ್ಕಿಯ ಉಂಡೆಯಂತೆ ಒಟ್ಟಿಗೆ ಬೀಳುತ್ತದೆ, ಸಾಮಾನ್ಯವಾಗಿ ಕೆಳಗೆ ಕತ್ತೆತ್ತಿ ನಿಂತವರ ಕನ್ನಡಕದ ಮೇಲೆ.

ಎಲ್ಲಕ್ಕಿಂತ ದೊಡ್ಡ ತಾಪತ್ರಯ ಹಗ್ಗದ್ದು. 25 ಅಡಿ ಕಂಬಕ್ಕೆ 55 ಅಡಿ ಹಗ್ಗ ಬೇಕು: ಮೇಲೆ ಹೋಗಲು 25, ಕೆಳಗೆ ಬರಲು 25, ಕಟ್ಟಲು 5. ‘ಕಂಬ ಇಪ್ಪತ್ತೈದು ಅಡಿ ತಾನೇ?’ ಎಂದು 30 ಅಡಿ ತರುತ್ತಾರೆ. ಕಡಿಮೆ ಬಿದ್ದದ್ದಕ್ಕೆ ಕಳೆದ ವರ್ಷದ ತುಂಡನ್ನು ಸೇರಿಸಿ ಗಂಟು ಹಾಕುತ್ತಾರೆ. ಆ ಗಂಟು ರಾಟೆಯ ತೂತಿನಲ್ಲಿ ನುಗ್ಗುವುದಿಲ್ಲ. ಹೊಸ ತುಂಡು ನೈಲಾನು, ಹಳೆಯದು ಹತ್ತಿ. ಹತ್ತಿಹಗ್ಗ ನೆನೆದು ಊದಿಕೊಂಡಿರುತ್ತದೆ. ಬಾವುಟದ ಗಂಟು ಹೋಗಿ ಕಂಬದ ತುದಿಗೆ ನಾಲ್ಕೈದು ಅಡಿ ಕೆಳಗೆ ನಿಂತುಬಿಡುತ್ತದೆ. ಜಾರುಗಂಟು ಬಿಚ್ಚಬೇಕಾದರೆ ಎಳೆತದ ಬಲ ಬಾವುಟಕ್ಕೆ ಮುಟ್ಟಬೇಕು. ಇಲ್ಲಿ ಬಲವೆಲ್ಲ ರಾಟೆಯಲ್ಲಿ ಸಿಕ್ಕಿಕೊಂಡ ಗಂಟಿಗೇ ಸಂದಾಯ. ಜಗ್ಗಿದಷ್ಟೂ ಬಿಗಿ. ಒಂದು ವೇಳೆ ಅಲ್ಲೇ ಬಿಚ್ಚಿಕೊಂಡರೆ ಇನ್ನೂ ಕಷ್ಟ, ಶೋಕಾಚರಣೆಗೆ ಇಳಿಸಿದ ಬಾವುಟದಂತೆ ಕಂಡು, ಹೋದವರು ಯಾರು ಎಂದು ಬಸ್ಸಿನಲ್ಲಿ ಕೂತವರು ಮೊಬೈಲ್ ತೆಗೆಯುತ್ತಾರೆ.

ಹಿಂದಿನ ಸಂಜೆ, ಮಳೆಯಲ್ಲೇ, ಹತ್ತು ನಿಮಿಷ ಒಮ್ಮೆ ಏರಿಸಿ ಇಳಿಸಿ ನೋಡಿದ್ದರೆ, ಎಳೆಯಬೇಕಾದ ಎಳೆಗೆ ಒಂದು ಬಣ್ಣದ ದಾರ ಕಟ್ಟಿದ್ದರೆ ಇದೊಂದೂ ಆಗುವುದಿಲ್ಲ. ಅಡಿಕೆಯ ಕೊಳೆರೋಗದ ಔಷಧಿಗೆ ಒಂದು ಕೆಜಿ ಮೈಲುತುತ್ತಕ್ಕೆ ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು ಎಂದು ನಿದ್ದೆಯಲ್ಲಿ ಕೇಳಿದರೂ ಲೆಕ್ಕ ತಪ್ಪದೆ ಹೇಳುವ ಊರುಗಳಿವು. ಹಗ್ಗದ ಲೆಕ್ಕಕ್ಕೆ ಬಂದಾಗ ಮಾತ್ರ ಎಲ್ಲರಿಗೂ ಗಾಂಭೀರ್ಯ ಬಂದುಬಿಡುತ್ತದೆ.

ಆಗ ನೆನಪಾಗುವವನು ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗೌಡ. ಅಡಿಕೆಗೆ ಕೊಳೆ ಬಾರದಂತೆ ಔಷಧಿ ಹೊಡೆಯುವ ಹಂಗಾಮು, ಅವನಿಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ. ಆದರೂ ಬೈಕು ಕಳಿಸಿ ಕರೆಸುತ್ತಾರೆ. ಅವನು ಕಂಬಕ್ಕೆ ಕೈಯಾಡಿಸಿ ನೋಡುತ್ತಾನೆ.

“ಅಡಿಕೆ ಮರ ಆದ್ರೆ ಕಾಲು ಕಚ್ಚತ್ತೆ ಸಾರ್. ಇದು ಕಬ್ಬಿಣದ ಪೈಪು, ಪೇಂಟ್ ಬೇರೆ ಹೊಡ್ಸಿದೀರಿ.”

“ಹೆಂಗಾದ್ರೂ ಮಾಡಿ ಹತ್ತು ಮಾರಾಯ, ಅತಿಥಿಗಳು ಹಗ್ಗ ಹಿಡ್ಕಂಡು ನಿಂತಿದಾರೆ.”

“ಹಿಡ್ಕಂಡೇ ಇರ್ಲಿ ಸಾರ್. ಬಿಟ್ರೆ ಅದೂ ಮೇಲೆ ಹೋಗತ್ತೆ.”

ಇಷ್ಟರಲ್ಲಿ ಪಿ.ಟಿ. ಮೇಷ್ಟ್ರು ಅಭ್ಯಾಸಬಲದಿಂದ ‘ಸಾವಧಾನ್’ ಎಂದಾಗಿರುತ್ತದೆ. ಮೊಬೈಲಿನಲ್ಲಿದ್ದ ರಾಷ್ಟ್ರಗೀತೆ ಧ್ವನಿವರ್ಧಕದಲ್ಲಿ ಹೊರಡುತ್ತದೆ. ಅದಕ್ಕೆ ನಿಗದಿಯಾದ ಸಮಯ 52 ಸೆಕೆಂಡು. ಆ 52 ಸೆಕೆಂಡೂ ಇನ್ನೂರು ಜನ ಒದ್ದೆ ಗಂಟೊಂದಕ್ಕೆ ಅಲುಗಾಡದೆ ಗೌರವ ಸಲ್ಲಿಸುತ್ತಾರೆ. ನಡುವೆ ಆ ಮೊಬೈಲಿಗೆ ಕರೆ ಬಂದರೆ ಇನ್ನೂ ಎಂಟು ಸೆಕೆಂಡು. ಬಾವುಟ ಬಿಚ್ಚಿಕೊಳ್ಳುವುದು ವಂದನಾರ್ಪಣೆಯ ಹೊತ್ತಿಗೆ, ಗಾಳಿಗೆ, ತಾನಾಗಿಯೇ. ಆಗ ಎಲ್ಲರ ಮುಖ ಬೂಂದಿ ಲಾಡಿನ ಕಡೆಗಿರುತ್ತದೆ.

ಅದೇ ಮಧ್ಯಾಹ್ನ ರಸಪ್ರಶ್ನೆ ಇರುತ್ತದೆ. ಕೆಂಪುಕೋಟೆಯಲ್ಲಿ ಆಗಸ್ಟ್ 15ರಂದು ಬಾವುಟವನ್ನು ಕೆಳಗಿನಿಂದ ಏರಿಸುತ್ತಾರೆ, ಜನವರಿ 26ರಂದು ಕರ್ತವ್ಯ ಪಥದಲ್ಲಿ ಮೇಲೆಯೇ ಕಟ್ಟಿದ್ದನ್ನು ಅರಳಿಸುತ್ತಾರೆ, ವ್ಯತ್ಯಾಸವೇನು ಎಂಬ ಪ್ರಶ್ನೆಗೆ ಸರಿ ಉತ್ತರ ಹೇಳಿದ ಹುಡುಗಿಗೆ ಸ್ಟೀಲ್ ಡಬ್ಬಿ ಬಹುಮಾನ. ಬಹುಮಾನ ಕೊಡುವವರು ಬೆಳಗ್ಗೆ ಮೇಲೆ ಕಟ್ಟಿದ್ದನ್ನು ಜಗ್ಗಿ ಸೋತವರೇ.

ಭಾಷಣಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ನಾಡಗೀತೆಗೆ ಸರ್ಕಾರ ಎರಡೂವರೆ ನಿಮಿಷ ಗೊತ್ತುಮಾಡಿದೆ, ಅತಿಥಿಗಳಿಗೆ ಯಾರೂ ಏನನ್ನೂ ಗೊತ್ತುಮಾಡಿಲ್ಲ. ಪಾಪ, ವಿಷಯ ಓದಿಕೊಂಡು ಬರುವ ಉಪನ್ಯಾಸಕರೊಬ್ಬರು ಇರುತ್ತಾರೆ. 1947ರ ಆಗಸ್ಟಿನಲ್ಲಿ ಶಿವಮೊಗ್ಗ ಮೈಸೂರು ಸಂಸ್ಥಾನದ ಜಿಲ್ಲೆ, ಇಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ‘ಮೈಸೂರು ಚಲೋ’ ನಡೆಯಬೇಕಾಯಿತು, ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂದದ್ದು ಅಕ್ಟೋಬರಿನಲ್ಲಿ ಎಂದು ಶುರುಮಾಡುತ್ತಾರೆ. ಶಿಕಾರಿಪುರ ತಾಲ್ಲೂಕಿನ ಈಸೂರಿನ ಜನ 1942ರಲ್ಲೇ ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಕಟ್ಟಿ, ಊರ ಹುಡುಗರನ್ನೇ ಅಮಲ್ದಾರ, ಸಬ್ ಇನ್ಸ್‌ಪೆಕ್ಟರ್ ಮಾಡಿ, ಸರ್ಕಾರಿ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲ ಎಂದು ಬೋರ್ಡು ಹಾಕಿದ್ದರು ಎನ್ನುವಲ್ಲಿಗೆ ಮಾತು ಬಂದಾಗ, ವೇದಿಕೆಯ ಮೇಲೊಂದು ಗಲಿಬಿಲಿ. ಅಧಿಕಾರಿಗಳ ಕಾರು ಗೇಟಿಗೆ ಬಂದಿದೆ. ಉಪನ್ಯಾಸಕರ ಕೈಗೆ ಚೀಟಿ: ‘ಸರ್, ಬೇಗ ಮುಗಿಸಿ, ಸಾಹೇಬ್ರು ಬಂದ್ರು.’ 1943ರ ಮಾರ್ಚಿನಲ್ಲಿ ಗಲ್ಲಿಗೇರಿದ ಈಸೂರಿನ ಐವರ ಹೆಸರು ಓದಲು ಹೊತ್ತಾಗುವುದಿಲ್ಲ. ಸಾಹೇಬರ ಪದನಾಮ ಎರಡು ಸಲ ಓದಲು ಆಗುತ್ತದೆ.

ಇಷ್ಟೆಲ್ಲ ಯಾಕೆಂದರೆ ವರದಿಗಾಗಿ. ಕಾಲೇಜುಗಳಿಗೆ ದರ್ಜೆ ಕೊಡುವ ನ್ಯಾಕ್ ಸಂಸ್ಥೆಯ ಕೈಪಿಡಿಯಲ್ಲಿ ರಾಷ್ಟ್ರೀಯ, ಅಂತರರಾಷ್ಟ್ರೀಯ ದಿನಾಚರಣೆಗಳಿಗೆಂದೇ ಒಂದು ಅಂಶವಿತ್ತು, 7.1.11. ಜಿಯೋಟ್ಯಾಗ್, ಅಂದರೆ ತೆಗೆದ ಜಾಗದ ಗುರುತು, ಇರುವ ಫೋಟೊ ಬೇಕು. ಸಮಾರಂಭ ಒಂದೇ, ವರದಿ ನಾಲ್ಕು: ಎನ್‌ಎಸ್‌ಎಸ್, ಎನ್‌ಸಿಸಿ, ರೆಡ್‌ಕ್ರಾಸ್, ಇತಿಹಾಸ ವೇದಿಕೆ. ಅದೇ ಅರವತ್ತು ಮಕ್ಕಳನ್ನು ನಿಲ್ಲಿಸಿ ಮುಂದಿನ ಬ್ಯಾನರ್ ಮಾತ್ರ ಬದಲಿಸುತ್ತಾರೆ. ಎಡಗಡೆಯ ಮುರಿದ ಛತ್ರಿ ನಾಲ್ಕರಲ್ಲೂ ಒಂದೇ ಎಂಬುದನ್ನು ಯಾರೂ ಗಮನಿಸುವುದಿಲ್ಲ. ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದೆ ಆ್ಯಪ್ ಹಿಂದಿನ ಜಾಗವನ್ನೇ ಹಿಡಿದುಕೊಂಡಿರುತ್ತದೆ. ಹಾಗಾಗಿ ದಾಖಲೆಯ ಪ್ರಕಾರ ಧ್ವಜಾರೋಹಣ ನಡೆದದ್ದು ಪೇಟೆಯ ಬಸ್ ಸ್ಟ್ಯಾಂಡಿನ ಎದುರು, ಫೋಟೊ ತೆಗೆದವರು ಬೆಳಗ್ಗೆ ಬನ್ಸ್ ತಿಂದ ಹೋಟೆಲಿನಲ್ಲಿ.

ಬಾವುಟ ಇಳಿಸುವ ಸಮಿತಿ ಎಂಬುದೊಂದು ಇರುವುದಿಲ್ಲ. 2022ರ ಜುಲೈನಿಂದ ರಾತ್ರಿಯೂ ಹಾರಿಸಬಹುದು ಎಂದಾಗಿದೆಯಲ್ಲ, ಒಳ್ಳೆಯದೇ ಆಯಿತು. ಮಘೆ ಮಳೆಯೂ ಅದರ ಮೇಲೇ ಹುಯ್ಯುತ್ತದೆ.

ಸೆಪ್ಟೆಂಬರಿನಲ್ಲಿ ಖರ್ಚಿನ ಕಡತ ಲೆಕ್ಕಪತ್ರ ಶಾಖೆಗೆ ಹೋಗುತ್ತದೆ. ಶಾಲು 14, ಹಾರ 14, ಮೈಸೂರು ಪೇಟ 3, ನೆನಪಿನ ಕಾಣಿಕೆ 14, ಎಲ್ಲ ಮಂಜೂರು. ಆಕ್ಷೇಪಣೆ ಒಂದಕ್ಕೇ: ನೈಲಾನ್ ಹಗ್ಗ, 30 ಅಡಿ. ಪೂರ್ವಾನುಮತಿ ಇಲ್ಲ, ಮೂರು ದರಪಟ್ಟಿ ತರಿಸಿಲ್ಲ, ಹಳೆಯ ಹಗ್ಗ ಏನಾಯಿತು ಎಂಬ ವಿವರಣೆಯಿಲ್ಲ. ಸಂಚಾಲಕರು ಕಂಬದ ತುದಿಯನ್ನೊಮ್ಮೆ ನೋಡಿ ಉತ್ತರ ಬರೆಯುತ್ತಾರೆ: ‘ಸದರಿ ಹಗ್ಗವು ಹೊಸ ಹಗ್ಗದೊಂದಿಗೆ ಜೋಡಣೆಯಾಗಿ ಸುಸ್ಥಿತಿಯಲ್ಲಿದ್ದು, ಮುಂದಿನ ಸಾಲಿಗೂ ಬಳಸಲಾಗುವುದು.’