ಸರತಿ ಸಾಲು ಮಾತ್ರ ಕಂಡಿತೇ?

ಸಮಾಜವಾದಿ ದೇಶಗಳಲ್ಲಿ ಹೆಣ್ಣಿಗೆ ಸಿಕ್ಕಿದ್ದು ಅಂಗಡಿಯ ಮುಂದಿನ ಸರತಿ ಸಾಲು ಮಾತ್ರ ಎಂದು ನಾನು ಓದಿದ ಲೇಖನವೊಂದರಲ್ಲಿ ಲೇಖಕರು ಬರೆದಿದ್ದಾರೆ. ಮನೆಗೆಲಸದಲ್ಲಿ ಗಂಡನಿಗೂ ಪಾಲಿದೆ ಎಂದು ಕ್ಯೂಬಾ 1975ರಲ್ಲೇ ಕಾನೂನು ಮಾಡಿತ್ತು. ಅಲ್ಲಿನ ಗಂಡಂದಿರೆಲ್ಲ ಪಾತ್ರೆ ತೊಳೆದರೆಂದು ನಾನೇನೂ ನಂಬುವುದಿಲ್ಲ. ಆದರೆ ಶಿರಸಿಯ ನಮ್ಮ ಮನೆಯಲ್ಲಿ ರಾತ್ರಿ ಹನ್ನೊಂದರವರೆಗೆ ಅಡಿಕೆ ಸುಲಿದು, ಬೆಳಿಗ್ಗೆ ಐದಕ್ಕೆ ಒಲೆ ಹಚ್ಚುತ್ತಿದ್ದ ಅಮ್ಮನ ದುಡಿಮೆ ಯಾರ ಲೆಕ್ಕಕ್ಕೂ ಬರಲಿಲ್ಲ. ಅಡಿಕೆಯ ದರ ಮಾತ್ರ ಅಪ್ಪನಿಗೆ ಬಾಯಿಪಾಠ!

ಹಾಗೆಂದು ಆರತಿ ಎತ್ತುವುದೂ ಬೇಡ. ಸೋವಿಯತ್ ರಷ್ಯಾ 1920ರಲ್ಲಿ ಕೊಟ್ಟ ಗರ್ಭಪಾತದ ಹಕ್ಕನ್ನು 1936ರಲ್ಲಿ ಸ್ಟಾಲಿನ್ ಸರ್ಕಾರ ಕಸಿದುಕೊಂಡಿತು. 1966ರಲ್ಲಿ ರೊಮೇನಿಯಾ ಕೂಡ ಅದೇ ದಾರಿ ಹಿಡಿಯಿತು. ಇದನ್ನು ಬರೆದಿದ್ದರೆ ನಾನೂ ತಲೆದೂಗುತ್ತಿದ್ದೆ. ಲೇಖಕರು ಹಿಡಿದುಕೊಂಡದ್ದು ಸರತಿ ಸಾಲನ್ನು. ಸೀಮೆಎಣ್ಣೆಗೆ ಡಬ್ಬಿ ಹಿಡಿದು ನಾವೂ ನಿಂತವರೇ. ಆಗ ಬಂಡವಾಳಶಾಹಿಯನ್ನು ಯಾರೂ ದೂರಿದ ನೆನಪಿಲ್ಲ.